ಮೆಣಸಿನಕಾಯಿ ಚೀಲದ ಮೇಲೆ ಅಚ್ಚಾದ ಕುಬಸ

ತಂಗಿಗೆ ಏಳು ತಿಂಗಳು ತುಂಬುತ್ತಿದೆ ಎಂದು ರಾಣೆಬೆನ್ನೂರಿನಿಂದ ಫೋನು ಬಂದ ದಿನವೇ ನಾನು ತೀರ್ಮಾನ ಮಾಡಿಬಿಟ್ಟೆ. ಅವಳ ಕುಬಸದ ಸೀರೆಯನ್ನು ಅಂಗಡಿಯಿಂದ ತರುವುದಿಲ್ಲ, ನಾನೇ ಅಚ್ಚು ಹಾಕುತ್ತೇನೆ, ರವಿಕೆಯನ್ನೂ ನಾನೇ ಹೊಲಿಯುತ್ತೇನೆ. ಬೇರೆ ಕಡೆ ಸೀಮಂತ ಅನ್ನುವುದನ್ನು ನಮ್ಮಲ್ಲಿ ಕುಬಸ ಅನ್ನುತ್ತಾರೆ. ತವರಿನವರು ಹಸಿರು ಸೀರೆ, ರವಿಕೆ, ಬಳೆ ಒಯ್ದು ಬಸುರಿಗೆ ಉಡಿಸಿ, ಉಡಿ ತುಂಬಿ, ಆರತಿ ಮಾಡಬೇಕು. ಬಂದ ಹೆಂಗಸರೆಲ್ಲ ಆ ಸೀರೆಯನ್ನು ಮುಟ್ಟಿ ನೋಡುತ್ತಾರೆ, ಸೆರಗು ತಿರುವಿ ನೋಡುತ್ತಾರೆ, ತವರಿನ ಯೋಗ್ಯತೆಯನ್ನು ಅಲ್ಲೇ ಅಳೆದುಬಿಡುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಕೈ ಸುಮ್ಮನಿರಲಿಲ್ಲ.

ಬ್ಯಾಡಗಿಯಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆಗೆ ಅವ್ವ ಇರುತ್ತಾಳೆ. ಓಡಿಹೋಗಿ ಹೇಳಿದೆ.

"ಅಂಗಡ್ಯಾಗ ಸೀರಿ ಸಿಗೂದಿಲ್ಲೇನು? ಬೀಗರ ಮುಂದ ನಿನ್ನ ಆಟ ಹೂಡಬ್ಯಾಡ" ಎಂದಳು ಅವ್ವ.

"ಆಟ ಅಲ್ಲಬೇ. ಕುಬಸ ತವರಮನಿದು ಅಂದಮ್ಯಾಲೆ ತವರಮನ್ಯಾಗ ತಯಾರಾಗಬೇಕಲ್ಲ?"

ಅವ್ವ ಹಣೆ ಚಚ್ಚಿಕೊಂಡು ಒಳಗೆ ಹೋದಳು. ಅದನ್ನೇ ನಾನು ಒಪ್ಪಿಗೆ ಎಂದುಕೊಂಡೆ. ನನ್ನ ಸ್ವಭಾವವೇ ಅಂಥದು.

ಹಾವೇರಿಯಲ್ಲಿ ಹೆಂಗಸರಿಗೆ ಬಟ್ಟೆಯ ಮೇಲೆ ಅಚ್ಚು ಹಾಕುವ ತರಬೇತಿ ನಡೆದಾಗ ಹೋಗಿ ಕಲಿತು ಬಂದವಳು ನಾನು. ಅಂದಿನಿಂದ ದಿಂಬಿನ ಚೀಲ, ಪರದೆ, ಟವೆಲ್ಲು, ಯಾವುದನ್ನೂ ಬಿಟ್ಟಿಲ್ಲ. ಮನೆಯಲ್ಲಿ ಅಚ್ಚು ಬೀಳದೆ ಉಳಿದದ್ದು ಯಜಮಾನರ ಬಿಳಿ ಅಂಗಿಗಳು ಮಾತ್ರ, ಅವನ್ನು ಅವರು ಕಪಾಟಿನಲ್ಲಿಟ್ಟು ಕೀಲಿ ಹಾಕಿಕೊಂಡಿದ್ದರು. ಕುಬಸದ ಸುದ್ದಿ ಕೇಳಿ ಅವರು ಬಿಡಲಿಲ್ಲ. "ಕೂಸು ಹುಟ್ಟೂ ಮುಂಚೆ ಕುಲಾವಿ ಹೊಲಿಸಿದ್ರಂತ. ಸೀರಿ ಜೋಡಿ ಅದನ್ನೂ ಹೊಲದ ಇಟ್ಟಬಿಡು."

ಬಾಗಿಲ ಚೌಕಟ್ಟು ಮಾಡುವ ಬಡಿಗೇರರ ಹತ್ತಿರ ಹತ್ತಿ ಹೂವಿನ ಅಚ್ಚು ಕೆತ್ತಿಸಿಕೊಂಡು ಬಂದೆ. ತಿಳಿಹಸಿರು ಬಣ್ಣದ ತೆಳ್ಳನೆಯ ನೂಲಿನ ಸೀರೆ ತಂದು, ಗಂಜಿ ಹೋಗುವಂತೆ ತೊಳೆದು ಒಣಗಿಸಿದೆ. ಊಟದ ಮೇಜಿನ ಮೇಲೆ ಬಟ್ಟೆ ಹಾಸುವ ಮೊದಲು ಕೆಳಗೆ ಮೆತ್ತಗೆ ಏನಾದರೂ ಬೇಕು, ಇಲ್ಲದಿದ್ದರೆ ಅಚ್ಚು ಸರಿಯಾಗಿ ಕೂರುವುದಿಲ್ಲ. ಯಜಮಾನರದು ಮೆಣಸಿನಕಾಯಿ ವ್ಯಾಪಾರ, ಸುಗ್ಗಿಯ ಕಾಲ ಬೇರೆ, ಮನೆಯ ತುಂಬ ಖಾಲಿ ಚೀಲಗಳು. ನಾಲ್ಕಾರು ಚೀಲ ಮಡಚಿ ಹಾಸಿ, ಮೇಲೊಂದು ಹಳೆಯ ಧೋತರ ಹೊದಿಸಿದೆ. ಎಂಥ ಹದವಾದ ಹಾಸಿಗೆ ಸಿಕ್ಕಿತು ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಮೊದಲ ಅಚ್ಚು ಒತ್ತುವ ಗಳಿಗೆಯ ಸುಖವನ್ನು ಹೇಗೆ ಹೇಳಲಿ. ಅಚ್ಚನ್ನು ಕೆಂಪು ಬಣ್ಣದಲ್ಲಿ ಅದ್ದಿ, ಬಟ್ಟೆಯ ಮೇಲಿಟ್ಟು, ಅಂಗೈಯ ಬುಡದಿಂದ ಧಪ್ಪೆಂದು ಗುದ್ದಬೇಕು. ಎತ್ತುವ ತನಕ ಕೆಳಗೆ ಏನಾಗಿದೆ ಎಂದು ತಿಳಿಯುವುದಿಲ್ಲ. ಎತ್ತಿದೆ. ಎಸಳು, ಎಲೆ, ಎಲೆಯೊಳಗಿನ ನರ, ಎಲ್ಲ ಹಸಿರಿನ ಮೇಲೆ ಹೊಚ್ಚಹೊಸದಾಗಿ ನಿಂತಿದ್ದವು. ಒಬ್ಬಳೇ ನಕ್ಕೆ. ಆಮೇಲೆ ನಿಲ್ಲಿಸಲು ಆಗಲಿಲ್ಲ. ಒಲೆಯ ಮೇಲಿನ ಸಾರು ಬತ್ತಿ ತಳ ಹಿಡಿಯಿತು, ಅದನ್ನು ಇಳಿಸಿ ಬಂದು ಮತ್ತೆ ಧಪ್ಪ್. ಅಂಚು ಮುಗಿದು ಒಡಲಿಗೆ ಬಂದಾಗ ಕೈ ಸೋತು ಕೆಲವು ಹೂವು ಸೊಟ್ಟಗಾದವು. ಹೊಲದಲ್ಲಿ ಎಲ್ಲ ಹೂವು ನೆಟ್ಟಗೇ ಇರುತ್ತವೆಯೇ ಎಂದು ಸಮಾಧಾನ ಮಾಡಿಕೊಂಡೆ.

ರವಿಕೆಯ ಅಳತೆ ಕೇಳಲು ಫೋನು ಮಾಡಿದರೆ ತಂಗಿ ನಗತೊಡಗಿದಳು. "ಅಕ್ಕಾ, ಈ ವಾರದ ಅಳತಿ ಮುಂದಿನ ವಾರ ಸುಳ್ಳಾಗ್ತೈತಿ." ಅದಕ್ಕೇ ಬೆನ್ನಿಗೆ ಗುಂಡಿಯ ಬದಲು ಕಟ್ಟುವ ದಾರದ ಕಸಿ ಇಟ್ಟೆ, ಬೇಕಾದಷ್ಟು ಬಿಗಿದು ಬೇಕಾದಷ್ಟು ಸಡಿಲಿಸಬಹುದು. ಆಮೇಲೆ ಇಸ್ತ್ರಿ. ಹಿಂಬದಿಯಿಂದ ಚೆನ್ನಾಗಿ ಬಿಸಿ ತಾಗಿದರೆ ಮಾತ್ರ ಬಣ್ಣ ಬಟ್ಟೆಯನ್ನು ಹಿಡಿಯುತ್ತದೆ. ಅರ್ಧ ಸೀರೆಗೆ ಕರೆಂಟು ಹೋಯಿತು. ಬಂದ ಮೇಲೆ ಮುಂದುವರಿಸಿದೆ, ಎಲ್ಲಿಗೆ ಬಿಟ್ಟಿದ್ದೆ ಎನ್ನುವುದು ಮಾತ್ರ ಖಾತ್ರಿಯಿರಲಿಲ್ಲ. ಇರಲಿ, ಮೊದಲ ಸಲ ನೀರಿಗೆ ಹಾಕುವುದು ಬಾಣಂತನ ಮುಗಿದ ಮೇಲಲ್ಲವೇ ಎಂದುಕೊಂಡೆ.

ಕುಬಸದ ದಿನ ರಾಣೆಬೆನ್ನೂರಿನ ತಂಗಿಯ ಗಂಡನ ಮನೆಯ ಪಡಸಾಲೆ ತುಂಬ ಹೆಂಗಸರು. ತಂಗಿಯನ್ನು ಮಣೆಯ ಮೇಲೆ ಕೂರಿಸಿದ್ದರು. ಅವಳ ಅತ್ತೆ ಗಂಟು ಬಿಚ್ಚಿ, ಸೀರೆಯ ಮಡಿಕೆ ತೆರೆದು, ಮುಖದ ಹತ್ತಿರ ಹಿಡಿದು ನೋಡಿದರು. ನಾನು ಉಸಿರು ಹಿಡಿದು ನಿಂತೆ. ಅವರು ಸೀನಿದರು.

ಒಂಟಿ ಸೀನು. ಶುಭಕಾರ್ಯಕ್ಕೆ ಅದಕ್ಕಿಂತ ದೊಡ್ಡ ಅಪಶಕುನವಿಲ್ಲ.

"ಇನ್ನೊಂದು ಸೀನ್ರಿ ಬೇ, ಜೋಡಿ ಆಗಲಿ" ಎಂದಳು ಮೂಲೆಯಿಂದ ಒಬ್ಬ ಮುದುಕಿ. ಕೇಳಬೇಕಾಗಿಯೇ ಇರಲಿಲ್ಲ. ಎರಡು, ಮೂರು, ನಾಲ್ಕು ಬಂದವು. ಸೀರೆ ನೋಡಲು ಬಗ್ಗಿದವರು ಸೀನಿದರು, ಮುದುಕಿಯೂ ಸೀನಿದಳು. ಸೀನದೆ ಉಳಿದವರು ನಾನು, ಅವ್ವ, ತಂಗಿ ಮೂವರೇ. ಬ್ಯಾಡಗಿಯ ಮೂಗಿಗೆ ಘಾಟು ಎಲ್ಲಿ ತಿಳಿಯಬೇಕು. ಪ್ರತಿ ಗುದ್ದಿಗೂ ಆ ಚೀಲಗಳು ತಮ್ಮ ಪುಡಿಯನ್ನು ಸೀರೆಗೆ ಕೊಡುತ್ತ ಹೋಗಿದ್ದವೆಂದು ನನಗೆ ಅರ್ಥವಾದದ್ದು ಆಗಲೇ.

"ಮನ್ಯಾಗ ರೇಷ್ಮಿ ಸೀರಿ ಐತಲ್ಲ, ಅದನ್ನ ಉಡಸ್ರಿ" ಎಂದರು ಯಾರೋ.

"ನಾ ಅಕ್ಕನ ಸೀರೀನ ಉಡಾಕಿ" ಎಂದಳು ತಂಗಿ.

ಅತ್ತೆ ಕಣ್ಣು ಒರೆಸಿಕೊಂಡು ನನ್ನ ಕಡೆ ನೋಡಿದರು. "ಬಸರಿ ಮೈಗೆ ಖಾರದ ಸೀರಿ ಹೆಂಗ ಉಡಸೂದವಾ? ಒಗದ ಹಾಕೂಣು. ಬಣ್ಣ ನಿಂತ್ರ ಇದನ್ನ ಉಡಸೂಣು, ಹೋದ್ರ ರೇಷ್ಮಿದು."

ಅದಕ್ಕಿಂತ ನ್ಯಾಯವಾದ ಮಾತಿಲ್ಲ, ಅದಕ್ಕಿಂತ ಹೆದರಿಕೆಯ ಮಾತೂ ಇಲ್ಲ. ಹಿತ್ತಲಲ್ಲಿ ಬಕೆಟ್ಟಿಗೆ ನೀರು ತುಂಬಿದೆ. ಹೆಂಗಸರೆಲ್ಲ ಸುತ್ತ ನಿಂತರು. ಸೀರೆ, ರವಿಕೆ ಎರಡನ್ನೂ ಅದ್ದಿ ಎತ್ತಿದೆ. ನೀರು ಕೆಂಪಗಾಯಿತು.

"ಹೋತಲ್ಲ ಬಣ್ಣ" ಎಂದಿತು ಒಂದು ದನಿ. ಒದ್ದೆ ಬಟ್ಟೆಯನ್ನು ಬಿಡಿಸಿ ನೋಡುವ ಧೈರ್ಯ ನನಗೆ ಬರಲಿಲ್ಲ. ಅವ್ವ ತಲೆ ತಗ್ಗಿಸಿದ್ದಳು.

ತಂಗಿ ಸೊಂಟಕ್ಕೆ ಕೈಕೊಟ್ಟು ನಿಧಾನಕ್ಕೆ ಬಂದಳು. ಬಕೆಟ್ಟಿನಲ್ಲಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. "ಬಣ್ಣ ಅಲ್ರಿ ಇದು. ನಮ್ಮೂರ ಮೆಣಸಿನಕಾಯಿ."

ಅತ್ತೆ ಆ ನೀರು ಚೆಲ್ಲಿಸಿ ಹೊಸ ನೀರು ತುಂಬಿಸಿದರು. ಮತ್ತೆ ಅದ್ದಿದೆ, ಹಿಂಡಿದೆ. ನೀರು ತಿಳಿಯಾಗಿಯೇ ಇತ್ತು. ಅತ್ತೆಯೇ ಸೀರೆಯನ್ನು ಬಿಡಿಸಿ ಬಿಸಿಲಿಗೆ ಹಿಡಿದರು. ಹೂವುಗಳೆಲ್ಲ, ಸೊಟ್ಟನೆಯವೂ ಸೇರಿ, ಇದ್ದಲ್ಲೇ ಇದ್ದವು. ನನಗೆ ಕುಣಿಯಬೇಕೆನ್ನಿಸಿತು, ಬೀಗರ ಮನೆಯೆಂದು ತಡೆದುಕೊಂಡೆ. "ಒಣಗೂ ಮಟ ಆರತಿ ಕಾಯ್ಲಿ" ಎಂದು ಅತ್ತೆ ಒಳಗೆ ಹೋಗಿ ಎಲ್ಲರಿಗೂ ಚಹಾ ಇಟ್ಟರು.

ತೆಳ್ಳನೆಯ ನೂಲು, ಮಾಳಿಗೆಯ ಬಿಸಿಲಿಗೆ ಬೇಗ ಒಣಗಿತು. ನಾನೇ ಉಡಿಸಿದೆ, ಕಸಿ ಸಡಿಲಾಗಿ ಕಟ್ಟಿದೆ. ಆರತಿ ಎತ್ತುವ ಮೊದಲು ಉಡಿ ತುಂಬಲು ಬಗ್ಗಿದಾಗ ತಂಗಿ ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ, ಸೊಟ್ಟಗೆ ಬಿದ್ದ ಒಂದು ಹೂವಿನ ಮೇಲೆ ಇಟ್ಟಳು. ಅಂಗೈಯ ಬುಡಕ್ಕೆ, ಅಚ್ಚು ಗುದ್ದಿ ಗುದ್ದಿ ಇನ್ನೂ ನೋಯುತ್ತಿದ್ದ ಜಾಗಕ್ಕೇ, ಒಳಗಿನಿಂದ ಯಾರೋ ಗುದ್ದಿದರು.