ಸಿಟ್ ಡೌನ್ ರಿ

ಹುಕ್ಕೇರಿಯ ಖಾಸಗಿ ಶಾಲೆಯೊಂದರಲ್ಲಿ ಏಳು ವರ್ಷ ಇಂಗ್ಲಿಷ್ ಕಲಿಸಿದೆ. ಕಲಿಸಿದೆ ಎನ್ನುವುದು ದೊಡ್ಡ ಮಾತು. ಪುಸ್ತಕದ ಒಂದು ಸಾಲು ಓದುವುದು, ಅರ್ಥವನ್ನು ಕನ್ನಡದಲ್ಲಿ ಹೇಳುವುದು, ಮತ್ತೆ ಇನ್ನೊಂದು ಸಾಲು. ಕನ್ನಡದ ಊರುಗೋಲು ಕಸಿದುಕೊಂಡರೆ ನಾಲ್ಕು ಹೆಜ್ಜೆ ನಡೆಯಬಲ್ಲೆನೇ ಎಂಬ ಅನುಮಾನ ನನ್ನನ್ನು ಬಹಳ ದಿನ ಕಾಡಿತ್ತು. ಅದಕ್ಕೇ, ವಿಯೆಟ್ನಾಂನಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವವರು ಬೇಕಾಗಿದ್ದಾರೆ ಎಂಬ ಜಾಹೀರಾತು ಫೋನಿನಲ್ಲಿ ಕಂಡಾಗ ಯಾರನ್ನೂ ಕೇಳದೆ ಅರ್ಜಿ ಹಾಕಿದೆ. ಕಲ್ಲೋಳಿಯ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆಂದು ಗೋಕಾಕಕ್ಕೆ ಹೋಗಿ, ಗೆಳತಿಯ ಮನೆಯಲ್ಲಿ ಕೂತು ಸಂದರ್ಶನ ಮುಗಿಸಿದೆ.

ಕೆಲಸ ಸಿಕ್ಕಿತೆಂದು ತಿಳಿಸಿದಾಗ ನಮ್ಮ ಹೆಡ್‌ಮಾಸ್ತರರು ನಕ್ಕರು. ಮನುಷ್ಯ ಕೆಟ್ಟವರಲ್ಲ, ಆ ನಗು ಮಾತ್ರ ಕೆಟ್ಟದಾಗಿತ್ತು.

"ಟೀಚರ್, ನಾವು 'ಥ್ಯಾಂಕ್ಯೂ ರಿ' ಅನ್ನೋ ಮಂದಿ. ನಮ್ಮ ಇಂಗ್ಲಿಷ್ ಘಟಪ್ರಭಾ ಸ್ಟೇಷನ್ ದಾಟಂಗಿಲ್ಲ. ಎರಡು ತಿಂಗಳದಾಗ ವಾಪಸ್ ಬರ್ತೀರಿ. ನಿಮ್ಮ ಖುರ್ಚಿ ಹಂಗ ಇಟ್ಟಿರ್ತೇನಿ."

"ಖುರ್ಚಿ ಬ್ಯಾರೇದವ್ರಿಗೆ ಕೊಡ್ರಿ ಸರ್," ಎಂದೆ.

ನಮ್ಮ ಕಡೆ 'ರಿ' ಎಂಬುದು ಮಾತಿನ ಉಪ್ಪು. ನಮ್ಮ ಅಜ್ಜಿ ಅಂಗಳಕ್ಕೆ ಬಂದ ನಾಯಿಗೂ "ಹೋಗ್ರಿ ಆ ಕಡೆ" ಎನ್ನುತ್ತಿದ್ದಳು. ಮರ್ಯಾದೆ ಕೊಡಲು ಬಂಡವಾಳ ಬೇಕೇನು ಎಂಬುದು ಅವಳ ವಾದ. ಅವಳ ಕೈಯಲ್ಲಿ ಬೆಳೆದ ನಾನು ಶಾಲೆಯ ಮಕ್ಕಳಿಗೂ ರಿ ಹಚ್ಚಿಯೇ ಮಾತಾಡುತ್ತೇನೆ, ಕನ್ನಡದಲ್ಲೂ, ಇಂಗ್ಲಿಷಿನಲ್ಲೂ.

ನಾನು ಹೋಗಿ ಸೇರಿದ್ದು ವಿಯೆಟ್ನಾಂನ ನಡುಭಾಗದ ಒಂದು ಸಣ್ಣ ಊರು. ಮನೆಗಳ ಹಿಂದೆ ಭತ್ತ, ಅದರಾಚೆ ಕಬ್ಬು. ಕಬ್ಬು ಕಂಡೊಡನೆ ನಮ್ಮೂರ ಕಡೆಯ ಮೂಡಲಗಿ ರಸ್ತೆಯಲ್ಲೇ ಇದ್ದೇನೆಂಬಷ್ಟು ಧೈರ್ಯ ಬಂತು. ಸಂಜೆ ಕ್ಲಾಸು, ಒಂಬತ್ತು ಹತ್ತು ವರ್ಷದ ಹದಿನೆಂಟು ಮಕ್ಕಳು. ಎರಡು ತಿಂಗಳು ನನ್ನನ್ನು ನೋಡುತ್ತಾರೆ. ಒಪ್ಪಿಗೆಯಾದರೆ ಒಂದು ವರ್ಷದ ಕರಾರು, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಮೊದಲ ದಿನ ಮೇಜಿಗೆ ಒರಗಿ, ಸೊಂಟದ ಮೇಲೆ ಕೈಯಿಟ್ಟು, "ಸಿಟ್ ಡೌನ್ ರಿ" ಎಂದೆ. ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಹದಿನೆಂಟೂ ಜನ ಸೊಂಟದ ಮೇಲೆ ಕೈಯಿಟ್ಟು, ಒಂದು ಪಕ್ಕಕ್ಕೆ ವಾಲಿ ಕೂತರು. "ಓಪನ್ ದ ಬುಕ್ ರಿ" ಎನ್ನುತ್ತ ನಾನು ದುಪಟ್ಟಾ ಸರಿಮಾಡಿಕೊಂಡೆ. ಅವರೂ ಇಲ್ಲದ ದುಪಟ್ಟಾ ಸರಿಮಾಡಿಕೊಂಡು ಪುಸ್ತಕ ತೆರೆದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಬಂದ ದಿನವೇ ಅಣಕಿಸುತ್ತಾರಲ್ಲ ಎಂದು ಡಸ್ಟರಿನಿಂದ ಮೇಜು ಕುಟ್ಟಿ ಬೈದೆ. ಮಕ್ಕಳ ಮುಖ ಬಾಡಿತು.

ಅಲ್ಲಿನ ಮೇಲ್ವಿಚಾರಕಿ ಇದನ್ನೆಲ್ಲ ಕಿಟಕಿಯಿಂದ ನೋಡಿದ್ದರು. ನಮ್ಮ ಚಿಕ್ಕಮ್ಮನ ವಯಸ್ಸಿನ, ಇಸ್ತ್ರಿ ಮಾಡಿದಂಥ ಹೆಂಗಸು. ಆಫೀಸಿಗೆ ಕರೆಸಿದರು, ಕೂರಲು ಹೇಳಲಿಲ್ಲ. ವಾಕ್ಯದ ಕೊನೆಗೆ ನೀವು ಅಂಟಿಸುವ ಆ ಸದ್ದು ಇಂಗ್ಲಿಷ್ ಅಲ್ಲ ಎಂದು ಅವರು ಅಳೆದು ತೂಗಿದ ಇಂಗ್ಲಿಷಿನಲ್ಲಿ ಹೇಳಿದರು. ಎರಡನೇ ತಿಂಗಳ ಕೊನೆಗೆ ಅವರು ಕ್ಲಾಸಿನಲ್ಲಿ ಬಂದು ಕೂರುತ್ತಾರೆ. ಅಂದು ಅದು ಒಮ್ಮೆಯೂ ಕೇಳಬಾರದು, ಕೇಳಿದರೆ ಕರಾರಿಲ್ಲ.

ಹುಕ್ಕೇರಿಯ ಆ ಖಾಲಿ ಖುರ್ಚಿ ಕಣ್ಣ ಮುಂದೆ ಬಂತು. ಸತ್ತರೂ ಅದರಲ್ಲಿ ಹೋಗಿ ಕೂರುವುದಿಲ್ಲ ಎಂದುಕೊಂಡೆ. ರೂಮಿನಲ್ಲಿ ಕನ್ನಡಿ ಮುಂದೆ ನಿಂತು ನಾಳಿನ ಪಾಠ ಒಪ್ಪಿಸುತ್ತಿದ್ದೆ. ಒಂದು ರಿ ಬಂದರೆ ಹತ್ತು ಬಸ್ಕಿ. ಮೊದಲ ವಾರ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯಲಾಗಲಿಲ್ಲ. ಐದನೇ ವಾರಕ್ಕೆ ಬಸ್ಕಿ ನಿಂತಿತು. ಆದರೆ ರಿ ಇಲ್ಲದ ನನ್ನ ಇಂಗ್ಲಿಷ್ ಪೊಲೀಸರ ಮಾತಿನ ಹಾಗೆ ನನಗೇ ಕೇಳಿಸುತ್ತಿತ್ತು.

ಭಾನುವಾರ ಸಂತೆಗೆ ಹೋಗುತ್ತಿದ್ದೆ. ಅಲ್ಲಿ ಯಾರೇ ಮಾತಾಡಿಸಿದರೂ ಮೊದಲು ವಯಸ್ಸು ಕೇಳುತ್ತಾರೆ. ಇದೇನು ಅಧಿಕಪ್ರಸಂಗ ಎನ್ನಿಸಿತ್ತು. ಅಕ್ಕ ಎನ್ನಬೇಕೋ ತಂಗಿ ಎನ್ನಬೇಕೋ ಗೊತ್ತಾಗದೆ ಅವರಿಗೆ ಮಾತೇ ಹೊರಡುವುದಿಲ್ಲ ಎಂದು ಆಮೇಲೆ ತಿಳಿಯಿತು. ಅಲ್ಲೊಬ್ಬ ಮುದುಕಿ ಎಳ್ಳು ಹಚ್ಚಿದ ಅಗಲವಾದ ಅಕ್ಕಿ ಹಪ್ಪಳ ಸುಟ್ಟು ಮಾರುತ್ತಿದ್ದಳು. ನೋಡಲು ನಮ್ಮ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯೇ. ಆರನೇ ವಾರ ಅವಳ ಎದುರು ಕೂತು ಅದನ್ನು ಮುರಿಯಹೋಗಿ ಮಡಿಲ ತುಂಬ ಚೂರು ಮಾಡಿಕೊಂಡೆ. ಮುದುಕಿ ನಕ್ಕು ಇನ್ನೊಂದನ್ನು ತನ್ನ ಮೊಣಕಾಲ ಮೇಲಿಟ್ಟು, ಮುಷ್ಟಿಯಿಂದ ಮೆಲ್ಲಗೆ ಗುದ್ದಿ ತೋರಿಸಿದಳು. "ರಿ," ಎಂದಳು. ಮತ್ತೆ ಗುದ್ದಿ, "ರಿ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಮರುದಿನ ಮಕ್ಕಳನ್ನು ಕೇಳಿದೆ. ಅವರು ಮುರುಕು ಇಂಗ್ಲಿಷಿಗೆ ಅಭಿನಯ ಸೇರಿಸಿ ತಿಳಿಸಿದರು: ಅವರ ಊರ ಮಾತಿನಲ್ಲಿ 'ರಿ' ಎಂದರೆ 'ಹೀಗೆ'. ಪುಸ್ತಕದಲ್ಲಿ ಆ ಶಬ್ದ ಇಲ್ಲ, ರಾಜಧಾನಿಯವರು ಆಡುವುದಿಲ್ಲ, ಮನೆಯಲ್ಲಿ ಮಾತ್ರ. ನಮ್ಮ 'ಸಾಲಿ'ಯ ಹಾಗೆ, 'ಐತಿ'ಯ ಹಾಗೆ. ಅಂದರೆ ಮೊದಲ ದಿನ ನಾನು 'ಹೀಗೆ ಕೂರಿ' ಎಂದಿದ್ದೆ, ಅವರು ಹಾಗೆ ಕೂತಿದ್ದರು. ಅಂಥ ವಿಧೇಯ ಮಕ್ಕಳನ್ನು ನಾನು ಮತ್ತೆಲ್ಲೂ ಕಂಡಿಲ್ಲ, ಅಂಥವರನ್ನು ಡಸ್ಟರ್ ಕುಟ್ಟಿ ಬೈದಿದ್ದೆ. ನಾಚಿಕೆಯಾಯಿತು. ಹದಿನೆಂಟು ಜನರ ಮುಂದೆ ಕಿವಿ ಹಿಡಿದುಕೊಂಡು ಸಾರಿ ಕೇಳಿದೆ. ಅವರೂ ಕಿವಿ ಹಿಡಿದುಕೊಂಡರು.

ಪರೀಕ್ಷೆಯ ಸಂಜೆ ಮೇಲ್ವಿಚಾರಕಿ ಕೊನೆಯ ಬೆಂಚಿನಲ್ಲಿ ಕಾಗದ ಹಿಡಿದು ಕೂತರು. ಅಂದಿನ ಪಾಠ ಶಬ್ದದ ಕೊನೆಯ 'ಸ್'. ನಮ್ಮವರು ಬಾಲ ಜೋಡಿಸಿ ರೈಸು, ಬಸ್ಸು ಎನ್ನುತ್ತಾರೆ. ಇವರು ಇರುವ ಬಾಲವನ್ನೂ ಕತ್ತರಿಸಿ 'ರೈ' ಎನ್ನುತ್ತಾರೆ. ಹಲ್ಲು ಕೂಡಿಸಿ ಗಾಳಿ ಬಿಡಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಮಕ್ಕಳು ಸುಮ್ಮನೆ ನೋಡಿದರು. ಬೇರೆ ಮಾತಿನಲ್ಲಿ ಹೇಳಿದೆ. "ರೈ," ಎಂದರು. ಕನ್ನಡದ ಊರುಗೋಲು ಇಲ್ಲಿಲ್ಲ. ಅವರ ಭಾಷೆ ನನಗೆ ಬರುವುದಿಲ್ಲ, ಒಂದೇ ಒಂದು ಅಕ್ಷರದ ಹೊರತು. ಅಂಜಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನಾನು ಬಂದದ್ದು ಕಲಿಸಲು ಬರುತ್ತದೋ ಇಲ್ಲವೋ ನೋಡಲು. ಕಲಿಸದೆ ಕೆಲಸ ಉಳಿಸಿಕೊಂಡರೆ ಹುಕ್ಕೇರಿಗಿಂತ ಏನು ಹೆಚ್ಚಾಯಿತು?

ಅಂಗೈಯನ್ನು ಬಾಯಿಯ ಮುಂದೆ ಹಿಡಿದೆ. ಹಲ್ಲು ಕೂಡಿಸಿದೆ. "ರೈಸ್," ಎಂದೆ. "ರಿ."

ಹದಿನೆಂಟು ಅಂಗೈ ಮೇಲೆದ್ದವು. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂತೆ ಕ್ಲಾಸು ತುಂಬ 'ಸ್' ಎಂದಿತು. ರೈಸ್, ಹೌಸ್, ಬಸ್. ಮುಗಿಯುವ ಹೊತ್ತಿಗೆ ಒಬ್ಬರೂ ಬಾಲ ಕತ್ತರಿಸುತ್ತಿರಲಿಲ್ಲ.

ಆಫೀಸಿನಲ್ಲಿ ಮೇಲ್ವಿಚಾರಕಿ ಕಾಗದ ತೋರಿಸಿದರು. ಮೂಲೆಯಲ್ಲಿ ಗೀಟುಗಳಿದ್ದವು. ಹನ್ನೊಂದು ಸಲ ಹೇಳಿದಿರಿ, ಎಂದರು. ಹನ್ನೆರಡು ಸಲ, ಒಂದು ನಿಮಗೆ ಕೇಳಿಸಿಲ್ಲ, ಎಂದೆ. ನನ್ನ ಮಾತಿನಿಂದ ಅದನ್ನು ಕಿತ್ತು ಹಾಕಿದ್ದೇನೆ, ಇವತ್ತಿನದು ಮಕ್ಕಳದು. ಕಲಿಸಲು ಬೇಕಾದರೆ ನಾಳೆಯೂ ಹೇಳುತ್ತೇನೆ, ಇಟ್ಟುಕೊಳ್ಳುವುದಾದರೆ ಅದರ ಸಮೇತ ಇಟ್ಟುಕೊಳ್ಳಿ, ಎಂದೂ ಹೇಳಿದೆ.

ಅವರು ಗೀಟು ಹಾಕಿದ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ಹೇಳಿದರು: ಅವರು ಹುಟ್ಟಿದ್ದು ಆ ಕಬ್ಬಿನ ಹೊಲಗಳ ಆಚೆಯ ಹಳ್ಳಿಯಲ್ಲೇ. ರಾಜಧಾನಿಯ ಕಾಲೇಜಿನಲ್ಲಿ ಅವರ 'ರಿ' ಕೇಳಿ ಹುಡುಗಿಯರು ನಗುತ್ತಿದ್ದರಂತೆ. ಒಂದೇ ವರ್ಷದಲ್ಲಿ ಬಾಯಿಂದ ತೆಗೆದು ಹಾಕಿದರು. ಈಗ ತಾಯಿಗೆ ಫೋನ್ ಮಾಡುವಾಗ ಬೇಕೆಂದರೂ ಬರುವುದಿಲ್ಲವಂತೆ.

ಕರಾರಿನ ಕಾಗದಕ್ಕೆ ಸಹಿ ಹಾಕಿ ನನ್ನ ಕಡೆ ತಳ್ಳಿದರು. ಎದ್ದು ಬಂದು ಗೋಡೆಯ ಬದಿಯ ಖುರ್ಚಿಯನ್ನು ತಾವೇ ಎಳೆದು ಮೇಜಿನ ಮುಂದೆ ಹಾಕಿದರು.

"ಸಿಟ್ ಡೌನ್," ಎಂದು ಮಾತು ನಿಲ್ಲಿಸಿದರು. ತುಟಿ ಒಂದು ಸಲ ಸುಮ್ಮನೆ ಅಲುಗಿತು. "ರಿ."

ಅದು ಅವರ ರಿಯೋ, ನಮ್ಮ ರಿಯೋ, ನಾನು ಕೇಳಲಿಲ್ಲ. ಕೂತೆ.