ನೀರಿನವರಿಗೆ ಹತ್ತನೆಯ ಸಹಿ

ಬಸವನಗುಡಿಯ ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ‘ನೀರಿನವರು’ ಎಂದೇ ಕರೆಯುತ್ತಿದ್ದರು. ದಿನ ಬಿಟ್ಟು ದಿನ ಬೆಳಗಿನ ಐದು ಗಂಟೆಗೆ ಮೊಪೆಡ್ಡಿನಲ್ಲಿ ಬಂದು, ರಸ್ತೆ ನಡುವಿನ ಕಬ್ಬಿಣದ ಮುಚ್ಚಳ ಎತ್ತಿ, ಉದ್ದನೆಯ ಕೀಲಿ ಇಳಿಸಿ ವಾಲ್ವ್ ತಿರುಗಿಸುವುದು ಅವರ ಸರ್ಕಾರಿ ಕೆಲಸ. ತಿರುಗಿಸಿದ ಎರಡು ನಿಮಿಷಕ್ಕೆ ನಮ್ಮ ಅಂಗಳದಡಿಯ ಸಂಪಿನೊಳಗೆ ಮೊದಲು ಗಾಳಿ ಕೆಮ್ಮುತ್ತಿತ್ತು, ಆಮೇಲೆ ಕಾವೇರಿ. ಶಾಲೆಯ ದಿನಗಳಲ್ಲಿ ನಾನು ಎದ್ದದ್ದು ಆ ಕೆಮ್ಮಿಗೆ. ಈಗ ಫ್ಲ್ಯಾಟಿನಲ್ಲಿ ನೀರು ಯಾವಾಗ ಬರುತ್ತದೆ, ಯಾರು ಬಿಡುತ್ತಾರೆ, ಒಂದೂ ಗೊತ್ತಿಲ್ಲ.

ಅಜ್ಜಿಗೂ ಅವರಿಗೂ ಗೇಟಿನ ಜಗಳ ಖಾಯಂ.

“ಕೆಳಗಿನ ಬೀದಿಗೆ ಮೊದಲು ಬಿಟ್ಟು ನಮಗೆ ಉಳಿದಿದ್ದು ಬಿಡ್ತೀಯಲ್ಲಯ್ಯ?”

“ಇಲ್ಲಮ್ಮ, ಪ್ರೆಷರ್ ಇಲ್ಲ ಅಷ್ಟೆ.”

“ಪ್ರೆಷರ್ ನಂಗಿದೆ, ಮಾತ್ರೆ ನುಂಗ್ತೀನಿ. ನಿನ್ನ ನೀರಿಗೇನು ರೋಗ?”

ಅವರು ನಗುತ್ತಾ ಮೊಪೆಡ್ ತುಳಿಯುತ್ತಿದ್ದರು. ಅಜ್ಜಿ ಒಳಬಂದು ಸಂಪಿನ ಮುಚ್ಚಳ ಸರಿಸಿ ನೀರು ಎಷ್ಟು ಏರಿದೆ ಎಂದು ನೋಡುತ್ತಿದ್ದಳು.

ಅವರು ನಿವೃತ್ತರಾದದ್ದು ನಾನು ಡಿಗ್ರಿಯ ಎರಡನೇ ವರ್ಷದಲ್ಲಿದ್ದಾಗ. ಮರುವರ್ಷ ವಿಧಾನಸಭೆ ಚುನಾವಣೆ ಬಂತು. ಒಂದು ಸಂಜೆ ನಾಮಪತ್ರದ ಫಾರಂ ಹಿಡಿದು ಗೇಟಿನ ಹೊರಗೆ ನಿಂತಿದ್ದರು. ಕಾಲೇಜಿನ ಚರ್ಚಾ ತಂಡದಲ್ಲಿ ನಾನಿದ್ದೇನೆಂಬುದು ಬೀದಿಗೆಲ್ಲ ಗೊತ್ತಿತ್ತು. ಪರ ಮೂರು ನಿಮಿಷ, ವಿರೋಧ ಮೂರು ನಿಮಿಷ, ಯಾವ ಕಡೆ ನಿಲ್ಲಿಸಿದರೂ ಗೆದ್ದು ಬರುವವಳು.

“ಗೆಲ್ಲೋ ಚಾನ್ಸೇ ಇಲ್ಲ ಅಂಕಲ್,” ಎಂದೆ. ಕಾರಣಗಳನ್ನೂ ಕೊಟ್ಟೆ.

“ಅದು ನಂಗೂ ಗೊತ್ತು ಪುಟ್ಟಿ. ರಸ್ತೆ ಅಗೆಯೋರಿಗೆ ಕೆಳಗೇನಿದೆ ಅಂತ ಗೊತ್ತಿಲ್ಲ, ಅಗೆಸೋರಿಗೂ ಗೊತ್ತಿಲ್ಲ. ವಾರಕ್ಕೊಂದು ಪೈಪ್ ಒಡೀತಾರೆ. ಯಾವ ಲೈನ್ ಎಲ್ಲಿ ಹೋಗುತ್ತೆ ಅಂತ ಇರೋದು ನನ್ ತಲೇಲಿ ಮಾತ್ರ. ಮೈಕ್ ಮುಂದೆ ನಿಂತು ಒಂದ್ಸಲ ಹೇಳ್ಬೇಕು. ಸುಮ್ನೆ ಹೇಳಿದ್ರೆ ಯಾರು ಕೇಳ್ತಾರೆ? ನೀನು ಫಾರಂ ತುಂಬ್ಕೊಡು ಸಾಕು.”

ಪಕ್ಷೇತರ ಅಭ್ಯರ್ಥಿಗೆ ಅದೇ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಹತ್ತೇ ತಾನೇ, ಅರ್ಧ ಗಂಟೆಯ ಕೆಲಸ ಎಂದುಕೊಂಡೆ. ಮೊದಲ ಮನೆಯ ಯಜಮಾನರು ನೀರಿನವರ ಕೈಯನ್ನೇ ಹಿಡಿದುಕೊಂಡರು.

“ನಮ್ಮನೆ ಐದು ಓಟೂ ನಿಮ್ಗೇ. ಬರ್ಕೊಳಿ.”

“ನೀವೇ ಬರೀಬೇಕು ಸಾರ್. ಇಲ್ಲಿ, ಈ ಗೆರೆ ಮೇಲೆ.”

“ಅಯ್ಯೋ, ಸೈನ್ ಗೀನ್ ಬೇಡಪ್ಪ. ಮನೆ ಪ್ಲಾನ್ ಸ್ಯಾಂಕ್ಷನ್‌ಗೆ ಕೊಟ್ಟಿದೀವಿ. ಓಟು ಮಾತ್ರ ನಿಮ್ಗೇ!”

ಬೀದಿಯುದ್ದಕ್ಕೂ ಇದೇ. ಒಬ್ಬರಿಗೆ ಅಂಗಡಿ ಲೈಸೆನ್ಸು, ಇನ್ನೊಬ್ಬರಿಗೆ ಮಗಳ ವರ್ಗಾವಣೆ. ಓಟು ಯಾರಿಗೂ ಕಾಣುವುದಿಲ್ಲ, ಸಹಿ ಎಲ್ಲರಿಗೂ ಕಾಣುತ್ತದೆ. ಇದನ್ನು ಹೇಡಿತನ ಎಂದು ನಾನು ವಾದಿಸಿದರೆ, ನೀರಿನವರೇ ಆ ಮನೆಗಳ ಪರ ನಿಂತರು: “ಪಾಪ, ಸಂಸಾರ ಇರೋರು ಪುಟ್ಟಿ.” ನಾಲ್ಕು ಸಂಜೆ ಸುತ್ತಿ, ಒಂಬತ್ತು ಸಹಿ ಮಾಡಿಸಿದೆವು. ಹತ್ತನೆಯದನ್ನು ಹಿಂದಿನ ಅಡ್ಡರಸ್ತೆಯ ಟೈಲರ್ ತಾವಾಗಿಯೇ ಕರೆದು ಹಾಕಿಕೊಟ್ಟರು. ಮತದಾರರ ಪಟ್ಟಿಯಲ್ಲಿನ ತಮ್ಮ ಸಂಖ್ಯೆಯನ್ನೂ ಬಾಯಿಪಾಠ ಒಪ್ಪಿಸಿದರು. ನಾನು ಬರೆದುಕೊಂಡೆ, ತಾಳೆ ನೋಡಲಿಲ್ಲ.

ನಾಮಪತ್ರ ಸಲ್ಲಿಸುವ ಕೊನೆಯ ದಿನ ಬೆಳಿಗ್ಗೆ ಚುನಾವಣಾ ಕಚೇರಿಯ ಗುಮಾಸ್ತರು ತಾಳೆ ನೋಡಿದರು. ಟೈಲರ್ ಹೆಸರಿನ ಮೇಲೆ ಅವರ ಬೆರಳು ನಿಂತಿತು.

“ಇವ್ರು ನಮ್ಮ ಕ್ಷೇತ್ರ ಅಲ್ಲ. ಆ ರಸ್ತೆಯ ಈ ಕಡೆ ನಮ್ದು, ಆ ಕಡೆ ಪಕ್ಕದ ಕ್ಷೇತ್ರ.”

ನೀರಿನವರಿಗೆ ನಂಬಲಾಗಲಿಲ್ಲ. “ಅದೆಂಗಾಗುತ್ತೆ ಸಾರ್? ಎರಡು ಕಡೆಗೂ ಒಂದೇ ವಾಲ್ವು! ಮೂವತ್ತು ವರ್ಷ ನಾನೇ ಬಿಟ್ಟಿದೀನಿ!”

“ನೀರಿಗೆ ಒಂದೇ ಇರ್ಬೋದು ಯಜಮಾನ್ರೇ. ಓಟಿಗೆ ಎರಡು.”

ನಾನು ಮುಂದೆ ಬಂದು ವಾದ ಶುರುಮಾಡಿದೆ. ನಿಯಮದ ಉದ್ದೇಶವೇನು, ಅಕ್ಷರವೇನು, ಎಲ್ಲ ಹೇಳಿದೆ. ಗುಮಾಸ್ತರು ಪೂರ್ತಿ ಕೇಳಿದರು. “ಚೆನ್ನಾಗಿ ಮಾತಾಡ್ತೀಯಮ್ಮ. ಮೂರು ಗಂಟೆಯೊಳಗೆ ಇನ್ನೊಂದು ಸೈನ್ ತಗೊಂಬಾ.”

ಹೊರಗೆ ಬಂದಾಗ ಹನ್ನೆರಡೂವರೆ. ನೀರಿನವರ ಮುಖ ತಟ್ಟನೆ ಅರಳಿತು. “ನೀನೇ ಹಾಕ್ಬಿಡು ಪುಟ್ಟಿ! ಹದಿನೆಂಟು ಆಯ್ತಲ್ಲ?”

ಹದಿನೆಂಟು ಆಗಿ ಎರಡು ವರ್ಷವಾಗಿತ್ತು. ಹೆಸರು ಸೇರಿಸುವ ಅರ್ಜಿಯನ್ನು ಅಪ್ಪ ತಂದುಕೊಟ್ಟಾಗ, ಒಂದು ಓಟಿನಿಂದ ಈ ದೇಶದಲ್ಲಿ ಏನೂ ಬದಲಾಗುವುದಿಲ್ಲ ಎಂದು ಊಟದ ಮಧ್ಯೆ ಸಾಧಿಸಿ ತೋರಿಸಿದ್ದೆ. ಅಪ್ಪ ಸೋತಿದ್ದರು. ಅರ್ಜಿ ರದ್ದಿಗೆ ಹೋಗಿತ್ತು. ಇದನ್ನು ರಸ್ತೆಯ ಮೇಲೆ ನಿಂತು ಅವರಿಗೆ ಹೇಳುವಾಗ ನನ್ನ ಬಾಯಿಗೆ ಒಂದು ಒಳ್ಳೆಯ ವಾಕ್ಯವೂ ಬರಲಿಲ್ಲ. “ಹೋಗ್ಲಿ ಬಿಡು,” ಎಂದು ಆಟೊಗೆ ಕೈ ಮಾಡಿದರು.

ಮತ್ತೆ ಐದಾರು ಮನೆ ತಟ್ಟಿದೆವು. ಕೆಲಸಕ್ಕೆ ಹೋದವರು, ಬಾಗಿಲು ತೆರೆಯದವರು. ಉಳಿದದ್ದು ನಮ್ಮ ಮನೆ. ಅಪ್ಪ ಅಮ್ಮ ಮದುವೆಗೆಂದು ಮೈಸೂರಿಗೆ ಹೋಗಿ ವಾರವಾಗಿತ್ತು. ಮನೆಯಲ್ಲಿದ್ದದ್ದು ಅಜ್ಜಿಯೊಬ್ಬಳೇ, ಇಷ್ಟು ದಿನ ನಾನೂ ನೀರಿನವರೂ ಬೇಕೆಂದೇ ಕೇಳದೆ ಬಿಟ್ಟಿದ್ದವಳು. ದಾರಿಯಲ್ಲಿ ಅವರಿಗೆ ಪಾಠ ಮಾಡಿದೆ: ಆರೋಪವನ್ನು ಒಪ್ಪಿಕೊಳ್ಳಬಾರದು, ವಿಷಯ ಬದಲಿಸಬೇಕು.

ಅವರು ನಮ್ಮ ಗೇಟು ದಾಟಿ ಒಳಬಂದದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಊಟ ಮುಗಿಸಿ ಅಡ್ಡಾಗಿದ್ದ ಅಜ್ಜಿ ಎದ್ದು ಕುಳಿತು ಕನ್ನಡಕ ಹುಡುಕಿದಳು.

“ನಿಂಗೆ ನನ್ನ ಸೈನು ಬೇಕಾ? ಹಾಗಾದ್ರೆ ಒಂದು ಕೇಳ್ತೀನಿ. ಕೆಳಗಿನ ಬೀದಿಗೆ ಮೊದಲು ಬಿಡ್ತಿದ್ಯೋ, ಇಲ್ವೋ?”

“ಅಜ್ಜಿ, ಪ್ರೆಷರ್ ವಿಷಯ ಟೆಕ್ನಿಕಲ್ಲು,” ಎಂದು ನಾನು ಬಾಯಿ ಹಾಕಿದೆ.

“ನೀನು ಸುಮ್ನಿರೇ ಲಾಯರಮ್ಮ. ಅವನು ಹೇಳ್ಲಿ.”

ಅವರು ನನ್ನ ಕಡೆ ನೋಡಲೇ ಇಲ್ಲ. “ಬಿಡ್ತಿದ್ದೆ ಅಮ್ಮ. ಇಪ್ಪತ್ತು ನಿಮಿಷ ಮುಂಚೆ. ಅಲ್ಲಿ ಯಾರ ಮನೇಲೂ ಸಂಪ್ ಇರ್ಲಿಲ್ಲ. ಮಕ್ಳು ಕೊಡ ಇಟ್ಕೊಂಡು ಸಾಲಲ್ಲಿ ನಿಲ್ಲೋವು, ಸ್ಕೂಲಿಗೆ ಲೇಟಾಗೋದು. ನಿಮ್ಮನೇಲಿ ಸಂಪ್ ಇತ್ತು.”

“ಮತ್ತೆ ಪ್ರೆಷರ್ ಇಲ್ಲ ಅಂತಿದ್ಯಲ್ಲಯ್ಯ?”

“ನಿಜ ಹೇಳಿದ್ರೆ ನೀವು ಆಫೀಸಿಗೆ ಕಂಪ್ಲೇಂಟ್ ಕೊಡ್ತಿದ್ರಿ.”

“ಕೊಡ್ತಿದ್ದೆ,” ಎಂದಳು ಅಜ್ಜಿ. “ಖಂಡಿತ ಕೊಡ್ತಿದ್ದೆ.”

ಎರಡು ಗಂಟೆ ದಾಟಿತ್ತು. ನನ್ನ ಲೆಕ್ಕದಲ್ಲಿ ವಾದ ಸೋತಾಗಿತ್ತು. ಎದುರಾಳಿಯ ಮುಖ್ಯ ಆರೋಪವನ್ನೇ ಒಪ್ಪಿಕೊಂಡ ಮೇಲೆ ಉಳಿಯುವುದೇನು? ಅಜ್ಜಿ ಫಾರಂ ಎಳೆದುಕೊಂಡು ಕಣ್ಣ ಹತ್ತಿರ ಹಿಡಿದಳು.

“ಓಟು ಹಾಕಲ್ಲ ನೋಡು. ಇಷ್ಟು ವರ್ಷ ನಂಗೆ ಸುಳ್ಳು ಹೇಳಿದೀಯ. ಆದ್ರೆ ನಿಂತ್ಕೊಳೋದು ನಿನ್ನ ಹಕ್ಕು, ಅದಕ್ಕೆ ಅಡ್ಡ ಬರೋಕೆ ನಾನ್ಯಾರು? ಎಲ್ಲಿ ಹಾಕ್ಬೇಕು ತೋರ್ಸು.”

ಓಟು ಕೊಡುತ್ತೇವೆ, ಸಹಿ ಕೊಡುವುದಿಲ್ಲ ಎಂದ ಬೀದಿಯಲ್ಲಿ ಇವಳೊಬ್ಬಳು ತಿರುವುಮುರುವು. ಒಂದೊಂದೇ ಅಕ್ಷರ ಕೂರಿಸಿ ಕನ್ನಡದಲ್ಲಿ ಹೆಸರು ಬರೆಯುವಾಗ ಅವಳ ನಾಲಿಗೆಯ ತುದಿ ತುಟಿಯಿಂದ ಹೊರಗಿತ್ತು. ಈ ಸಲ ಪಟ್ಟಿ ತೆಗೆದು ಎರಡೆರಡು ಬಾರಿ ತಾಳೆ ನೋಡಿದೆ.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಅವರು ಚುನಾವಣಾಧಿಕಾರಿಯ ಮೇಜಿನ ಮುಂದೆ ನಿಂತಿದ್ದರು. ಅಧಿಕಾರಿ ಹೊಸದಾಗಿ ಸೇರಿಸಿದ ಹತ್ತನೆಯ ಸಹಿ ನೋಡಿ, “ಇವ್ರು ಯಾರು, ನಿಮ್ಮ ಸಂಬಂಧಿಕರಾ?” ಎಂದು ಕೇಳಿದರು.

“ಅಲ್ಲ ಸಾರ್. ನಮ್ ಮೇಲೆ ಕಂಪ್ಲೇಂಟ್ ಇರೋರು.”

ಚುನಾವಣೆಯಲ್ಲಿ ಅವರು ಸೋತರು, ಠೇವಣಿಯೂ ಉಳಿಯಲಿಲ್ಲ. ಆದರೆ ಪ್ರಚಾರದ ಹದಿನೈದು ದಿನ ಬಾಡಿಗೆ ಆಟೊದ ಮೈಕಿನಲ್ಲಿ ಯಾವ ರಸ್ತೆಯ ಕೆಳಗೆ ಯಾವ ಪೈಪಿದೆ ಎಂಬುದನ್ನು ಬೀದಿ ಬೀದಿಗೂ ಹೇಳಿ ಮುಗಿಸಿದರು. ಮತದಾನದ ದಿನ ನಾನು ಅಜ್ಜಿಯನ್ನು ಮತಗಟ್ಟೆಯ ತನಕ ಕರೆದೊಯ್ದು ಹೊರಗೆ ನಿಂತೆ. ವಾಪಸು ಬರುವಾಗ ಯಾರಿಗೆ ಹಾಕಿದೆ ಎಂದು ಕೇಳಿದೆ.

“ಮೊದ್ಲು ನಿನ್ನ ಹೆಸರು ಲಿಸ್ಟಲ್ಲಿ ಬರ್ಲಿ. ಆಮೇಲೆ ಕೇಳು, ಹೇಳ್ತೀನಿ,” ಎಂದಳು.

ಅರ್ಜಿ ಹಾಕಿದೆ. ನನ್ನ ಹೆಸರು ಸೇರಿದ ಪಟ್ಟಿ ಕೈಗೆ ಬರುವ ಹೊತ್ತಿಗೆ ಅಜ್ಜಿ ಇರಲಿಲ್ಲ, ಅದರಲ್ಲಿ ಅವಳ ಹೆಸರನ್ನೂ ತೆಗೆದಿದ್ದರು.