ಇಳಿಯಲು ಬರುವ ಹೊಲ

ಸೊಸೆ ಬೆಳಗ್ಗೆ ಕಟ್ಟೆಯ ಮೇಲೆ ಕುಳಿತು ಉಗುರಿಗೆ ಪಾಲಿಶ್ ಹಚ್ಚಿಕೊಳ್ಳುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ವಿಮಾನ ನೆನಪಾಯಿತು. ನಗಬೇಡಿ. ವಿಮಾನದ ರೆಕ್ಕೆಗೆ ಬಿಗಿದ ಬಟ್ಟೆಗೆ ಬಳಿಯುವ ಬಣ್ಣ ಹೀಗೇ ನಾರುತ್ತದೆ. ಒಂದು ಬೇಸಿಗೆಯೆಲ್ಲ ನಮ್ಮ ಅತನೂರ ಮನೆಯ ರೊಟ್ಟಿಯೂ ಹೀಗೇ ನಾರಿತ್ತು.

ನನ್ನ ಮೊಮ್ಮಗಳು ರೇಣುಕಾ ಪೈಲಟ್. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಈ ಮಾತನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ತೊಗರಿ ತುಂಬುವ ಶೆಡ್ಡಿನಲ್ಲಿ ಅವಳು ತನ್ನ ಕೈಯಾರೆ ಪುಟ್ಟ ವಿಮಾನ ಕಟ್ಟತೊಡಗಿದಳು. ಕಟ್ಟುವುದರಲ್ಲೇ ಮುಳುಗಿ ಹಾರಿಸುವುದನ್ನೇ ಬಿಟ್ಟಳು. ಕಲಿಸಿದ ಗುರುಗಳು ಫೋನಿನಲ್ಲಿ ಖಡಕ್ಕಾಗಿ ಹೇಳಿದರು: "ಹಾರಿಸದೇ ಕೈಗೆ ಜಂಗು-ತುಕ್ಕು ಹಿಡಿದ್ರ ನಿನ್ನ ವಿಮಾನ ಮೊದಲು ಬ್ಯಾರೆಯವ್ರು ಹಾರಸ್ತಾರ. ಬಂದು ನನ್ನ ಮುಂದ ಹಾರಿಸಿ ಪರೀಕ್ಷಾ ಕೊಡು."

ಹುಡುಗಿ ಅವತ್ತು ಊಟ ಬಿಟ್ಟಳು. ಮರುದಿನ ನನ್ನ ಮುಂದೆ ಬಂದು ಕುಳಿತಳು.

"ಆಯಿ, ಪರೀಕ್ಷಾದಾಗ ಮ್ಯಾಲೆ ಹೋದಾಗ ಇಂಜಿನ್ ಬಂದ್ ಮಾಡಿ ನೋಡ್ತಾರ. ನಿನಗ ಮನಸ್ಸು ಬಂದಾಗ 'ಇಂಜಿನ್ ಬಂದ್ ಬಿತ್ತು' ಅನ್ನು. ಏನ್ ಮಾಡ್ಬೇಕಂತ ನಾ ಹೇಳ್ತೇನಿ."

ಇಂಥ ಅಧಿಕಾರ ನನಗೆ ಯಾರು ಕೊಟ್ಟಿದ್ದರು ಹೇಳಿ? ರೊಟ್ಟಿ ಬಡಿಯುತ್ತ ಅಂದೆ. ಅವಳು ತಲೆ ತೊಳೆದುಕೊಳ್ಳುವಾಗ ಬಚ್ಚಲ ಬಾಗಿಲಲ್ಲಿ ನಿಂತು ಅಂದೆ. "ಮೂತಿ ಕೆಳಗ ಮಾಡ್ತೇನಿ, ಗಾಳಿ ಯಾ ಕಡಿ ಅದ ನೋಡ್ತೇನಿ, ಖಾಲಿ ಹೊಲ ಹುಡುಕ್ತೇನಿ" ಎಂದು ಒಳಗಿಂದ ಉತ್ತರ ಬರುತ್ತಿತ್ತು. "ಆಯಿ, ಸಾಬಣ ಕಣ್ಣಾಗ ಹೋತು" ಎಂದೂ ಬರುತ್ತಿತ್ತು.

ಪರೀಕ್ಷೆಯ ದಿನ ನಾನೂ ಅವಳ ಜೊತೆ ಕಲಬುರಗಿ ಬಸ್ಸು ಹತ್ತಿದೆ. ಹುಡುಗಿ ಕಿಟಕಿಗೆ ತಲೆ ಕೊಟ್ಟು ತೂಕಡಿಸುತ್ತಿದ್ದಳು. ಇವತ್ತೇ ಜಂಗು ಹಿಡಿದರೆ ಹೇಗೆ ಎಂದು ಹೆದರಿ, "ಇಂಜಿನ್ ಬಂದ್ ಬಿತ್ತು" ಎಂದು ಕೂಗಿಯೇಬಿಟ್ಟೆ. ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ರೇಣುಕಾ ಕಣ್ಣು ಮುಚ್ಚಿಕೊಂಡೇ, "ಎಡಕ್ಕ ತೊಗರಿ ಅದ, ಬ್ಯಾಡ. ಬಲಕ್ಕ ಬೀಳು ಹೊಲದಾಗ ಇಳಸ್ತೇನಿ" ಎಂದಳು. ಹಿಂದಿನ ಸೀಟಿನವರು ಗಂಟು ಎತ್ತಿಕೊಂಡು ಬಾಗಿಲಿಗೆ ನುಗ್ಗಿದರು.

"ಯಾವ ಇಂಜಿನ್ ಬಂದ್ ಬಿದ್ದದ ಆಯಿ?" ಡ್ರೈವರ್ ಕೇಳಿದ.

"ನಿಂದಲ್ಲಪಾ, ಇಕಿದು."

ಅವನು ನಮ್ಮಿಬ್ಬರನ್ನೂ ನೋಡಿ, ದನಿ ತಗ್ಗಿಸಿ, "ದವಾಖಾನಿಗಿ ಹೊಂಟೀರೇನ್ರಿ?" ಎಂದ.

ಹಾರುವ ಮೈದಾನದಲ್ಲಿ ನಾನು ಬೇಲಿ ಹಿಡಿದು ನಿಂತಿದ್ದೆ. ಗುರುಗಳನ್ನು ಕೂರಿಸಿಕೊಂಡು ಮೇಲೆ ಹೋದ ವಿಮಾನದ ಸದ್ದು ಒಮ್ಮೆಲೇ ಅಡಗಿತು. ನನ್ನ ಎದೆಯದೂ ಅಡಗಿತು. ವಿಮಾನ ಮಾತ್ರ ಮೂತಿ ಬಗ್ಗಿಸಿ, ಗಾಳಿಗೆ ಎದುರಾಗಿ ತಿರುಗಿ, ಹದ್ದಿನ ಹಾಗೆ ತೇಲುತ್ತ ಬಂದು ನೆಲ ಮುಟ್ಟಿತು. ಗುರುಗಳು ಇಳಿಯುತ್ತಲೇ, "ನಿನ್ನ ವಿಮಾನ ನೀನೇ ಹಾರಿಸು" ಎಂದರು. ಹುಡುಗಿ ಓಡಿ ಬಂದು ನನ್ನ ಕೊರಳಿಗೆ ಬಿದ್ದಳು.

"ಆಯಿ, ಅವ್ರು ಹೇಳದಲೇ ಇಂಜಿನ್ ತಗ್ಗಿಸಿದ್ರು. ನೀನೇ ಚೊಲೊ, ಒದರಿ ಬಂದ್ ಮಾಡ್ತಿದ್ದಿ."

ತಾನು ಕಟ್ಟಿದ ವಿಮಾನವನ್ನು ಮೊದಲು ಅವಳೇ ಹಾರಿಸಿದಳು. ಈಗಲೂ ಹಾರಿಸುತ್ತಾಳೆ. ಕೆಟ್ಟದ್ದು ನನ್ನ ಕಣ್ಣು. ಯಾರ ಹೊಲ ನೋಡಿದರೂ ಬೆಳೆ ಕಾಣುವುದಿಲ್ಲ. ಉದ್ದ ಸಾಕೇ, ಅಡ್ಡ ಬದು ಇದೆಯೇ ಎಂದಷ್ಟೇ ನೋಡುತ್ತೇನೆ. ಇವತ್ತು ಪಕ್ಕದ ಹೊಲದ ಮಹಬೂಬ ಬಂದು, ಈ ಸಲ ಕಬ್ಬು ಹಚ್ಚುತ್ತೇನೆ ಎಂದ.

"ಕಬ್ಬ ಬ್ಯಾಡೋ, ಎತ್ತರ ಬೆಳೀತದ. ಕಡ್ಲಿ ಹಾಕು. ನಮ್ಮ ಹುಡುಗಿಗಿ ಇಳ್ಯಾಕ ಬರ್ತದ."

ಮಹಬೂಬ ತಲೆ ಕೆರೆದುಕೊಂಡು ತನ್ನ ಹೊಲದ ಕಡೆ ನೋಡಿದ.

"ಆತು ಆಯಿ. ಮತ್ತ ನಡುವಿನ ಜಾಲಿ ಗಿಡ ಏನ್ ಮಾಡೂದು?"